ಹೂಗ್ಲಿಯಡಿಯ ಮೆಟ್ರೊ: ಕಾಡಿದ್ದು ನದಿಯಲ್ಲ, ಮಣ್ಣು

ಪ್ರಶ್ನೆ: ಕೋಲ್ಕತ್ತದಲ್ಲಿ ಹೂಗ್ಲಿ ನದಿಯ ನೀರು ತಡೆಯದೆಯೇ ಅಡಿಯಲ್ಲಿ ಮೆಟ್ರೊ ಸುರಂಗ ಕೊರೆದದ್ದು ಹೇಗೆ? ಮುಂದೆ ಸೋರುವುದಿಲ್ಲವೇ? ನಮ್ಮ ನೇತ್ರಾವತಿಯ ಅಡಿಯಲ್ಲೂ ಆಗಬಹುದೇ?
– ಓದುಗರೊಬ್ಬರು, ತೊಕ್ಕೊಟ್ಟು

ಉತ್ತರ: ಯೋಚನೆ ಹಳತು. ಹೂಗ್ಲಿಯಡಿ ರೈಲು ಓಡಿಸುವ ಯೋಜನೆಯನ್ನು ಎಂಜಿನಿಯರ್ ಹಾರ್ಲೆ ಡಾಲ್‌ರಿಂಪಲ್ ಹೇ 1921ರಲ್ಲೇ ತಯಾರಿಸಿದ್ದರು. ಅದು ಕಡತದಲ್ಲೇ ಉಳಿಯಿತು. ಈಗಿನ ಜೋಡಿ ಸುರಂಗ ನದಿ ದಾಟಿದ್ದು 2017ರಲ್ಲಿ, ಜನ ರೈಲು ಹತ್ತಿದ್ದು 2024ರ ಮಾರ್ಚ್ 15ರಂದು. ನದಿಯಡಿಯ ಭಾಗ 520 ಮೀಟರ್, ರೈಲಿಗೆ 45 ಸೆಕೆಂಡಿನ ದಾರಿ.

ಸುರಂಗ ಇರುವುದು ನೀರಿನಲ್ಲಲ್ಲ, ನದಿಯ ತಳಕ್ಕಿಂತ ಸುಮಾರು 13 ಮೀಟರ್ ಕೆಳಗಿನ ಮಣ್ಣಿನಲ್ಲಿ. ಹಾಗಾಗಿ ನದಿಗೆ ಅಡ್ಡ ಕಟ್ಟುವ ಪ್ರಮೇಯವೇ ಬರಲಿಲ್ಲ. ಸುರಂಗ ಕೊರೆಯುವ ಯಂತ್ರದ ಮುಂದಿನ ಚಕ್ರ ಮಣ್ಣು ಕೆರೆಯುತ್ತದೆ. ಕೆರೆದ ಮಣ್ಣನ್ನು ತಕ್ಷಣ ಹೊರಹಾಕದೆ ಚಕ್ರದ ಹಿಂದಿನ ಕೋಣೆಯಲ್ಲಿ ಒತ್ತಿ ಹಿಡಿಯುತ್ತಾರೆ. ಹೊರಗಿನ ನೀರು, ಮಣ್ಣಿನ ಒತ್ತಡಕ್ಕೆ ಅದೇ ಎದುರೊತ್ತಡ. ಮಣ್ಣನ್ನು ಹೊರತೆಗೆಯುವ ತಿರುಪಿನ ವೇಗ ಹೆಚ್ಚಾದರೆ ಒತ್ತಡ ಇಳಿದು ಮೇಲಿನ ನೆಲ ಕುಸಿಯುತ್ತದೆ. ತೀರಾ ಕಡಿಮೆಯಾದರೆ ಒತ್ತಡ ಏರಿ ನದಿಯ ತಳವೇ ಉಬ್ಬುತ್ತದೆ. ಆಪರೇಟರನ ಕಣ್ಣು ಸದಾ ಒತ್ತಡ ತೋರಿಸುವ ಮೀಟರಿನ ಮೇಲೆಯೇ.

ಯಂತ್ರದ ಬಾಲದೊಳಗೆ ಕಾಂಕ್ರೀಟ್ ತುಂಡುಗಳನ್ನು ಬೋಲ್ಟ್ ಹಾಕಿ ಉಂಗುರ ಕಟ್ಟುತ್ತಾರೆ. ಗೋಡೆಯ ದಪ್ಪ 275 ಮಿಲಿಮೀಟರ್. ಉಂಗುರಕ್ಕೂ ಮಣ್ಣಿಗೂ ನಡುವೆ ಉಳಿಯುವ ಸಂದಿಗೆ ಕೂಡಲೇ ಗ್ರೌಟ್ (ಆಮೇಲೆ ಗಟ್ಟಿಯಾಗುವ ತೆಳು ಗಾರೆ) ತುಂಬಬೇಕು. ಸೋರಿಕೆ ಸಾಮಾನ್ಯವಾಗಿ ಶುರುವಾಗುವುದು ತುಂಡುಗಳ ಮೂಲೆಯಲ್ಲಿ: ಕೊನೆಯ ತುಂಡನ್ನು ಒತ್ತಿ ಕೂರಿಸುವಾಗ ಸಂದು ಮುಚ್ಚುವ ರಬ್ಬರ್ ಪಟ್ಟಿ, ಅಂದರೆ ಗ್ಯಾಸ್ಕೆಟ್, ಮಡಚಿದರೆ ಅಥವಾ ಮೂಲೆ ಒಡೆದರೆ ನೀರಿಗೆ ದಾರಿಯಾಯಿತು. ನೀರು ತಾಗಿದರೆ ಉಬ್ಬುವ ಗ್ಯಾಸ್ಕೆಟ್ ಹಾಕುವುದು ಅದಕ್ಕೇ. ಆಮೇಲೆ ಒಸರಿದರೆ ಆ ಜಾಗಕ್ಕೆ ಪಾಲಿಯುರೆಥೇನ್ ಗ್ರೌಟ್ ಚುಚ್ಚಿ ಮುಚ್ಚುತ್ತಾರೆ.

ತಮಾಷೆಯೆಂದರೆ, ನದಿಯ ಕೆಳಗೆ ಸಲೀಸಾಗಿ ಸಾಗಿದ ಕೆಲಸ ಎಡವಿದ್ದು ಒಣ ನೆಲದಲ್ಲಿ. 2019ರ ಆಗಸ್ಟ್ 31ರಂದು ಕೋಲ್ಕತ್ತದ ಬೌಬಜಾರ್ ಪ್ರದೇಶದಡಿ ಯಂತ್ರ ಅಂತರ್ಜಲದ ಪದರಕ್ಕೆ ಬಡಿಯಿತು. ನೀರಿನ ಜೊತೆ ಮಣ್ಣೂ ಒಳನುಗ್ಗಿ ಮೇಲಿದ್ದ ಹಳೆಯ ಮನೆಗಳು ಕುಸಿದವು.

ಇನ್ನು ನೇತ್ರಾವತಿ. ಬಾವಿ ತೋಡಿಸಿದವರಿಗೆ ಗೊತ್ತಿರುವ ಹಾಗೆ, ನಮ್ಮ ಕರಾವಳಿಯಲ್ಲಿ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಕೆಳಗೆ ಶೇಡಿ ಎಂಬ ನುಣುಪು ಜೇಡಿ ಮಣ್ಣು, ಅದಕ್ಕೂ ಕೆಳಗೆ ಕರಿಬಂಡೆ. ಶೇಡಿ ಒಣಗಿದ್ದಾಗ ಗಟ್ಟಿ, ನೆನೆದರೆ ಬಲ ಕಳೆದುಕೊಳ್ಳುತ್ತದೆ. ಅಳಿವೆಯ ಕಡೆ ಹೋದಷ್ಟೂ ಮರಳೂ ಸೇರುತ್ತದೆ. ಚಕ್ರದ ಕೆಳಗಿನರ್ಧಕ್ಕೆ ಬಂಡೆ, ಮೇಲಿನರ್ಧಕ್ಕೆ ನೆನೆದ ಮಣ್ಣು ಸಿಕ್ಕರೆ ಹಲ್ಲುಗಳು ಬೇಗ ಸವೆಯುತ್ತವೆ, ಮೇಲಿನ ಮಣ್ಣು ಒಳಗೆ ಸುರಿಯುತ್ತದೆ. ಸಾಧ್ಯವಿಲ್ಲವೆಂದಲ್ಲ; ಮೊದಲು ಮಾರ್ಗದುದ್ದಕ್ಕೂ ಬೋರ್ ಹೊಡೆದು ಬಂಡೆ ಎಲ್ಲೆಲ್ಲಿ ಎಷ್ಟು ಆಳದಲ್ಲಿದೆ ಎಂದು ನೋಡಬೇಕು. ಆಮೇಲೆ ಲೆಕ್ಕ: 30 ಮೀಟರ್ ಆಳಕ್ಕಿಳಿಯಲು 3 ಶೇಕಡಾ ಇಳಿಜಾರಿನಲ್ಲಿ ಆಚೆಗೊಂದು, ಈಚೆಗೊಂದು ಕಿಲೋಮೀಟರ್ ಬರೀ ಇಳಿದು ಹತ್ತುವುದಕ್ಕೇ ಬೇಕು. ಈ ನದಿಗೆ ಸೇತುವೆಯೇ ಅಗ್ಗ.