ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಪ್ಲಾಸ್ಟಿಕ್ ಘಟಕದಲ್ಲಿ ಸೆನ್ಸರ್‌ಗಳನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ನಮ್ಮ ಘಟಕದಲ್ಲಿ ಕರಗಿದ ಪ್ಲಾಸ್ಟಿಕ್ ಅನ್ನು ಅಚ್ಚಿಗೆ ಒತ್ತಿ ತುಂಬುವ ಹನ್ನೆರಡು ಇಂಜೆಕ್ಷನ್ ಮೋಲ್ಡಿಂಗ್ ಯಂತ್ರಗಳಿದ್ದು, ಅರ್ಧದಷ್ಟು ಹಳೆಯವು. ನೈಲಾನ್ ಬಿಡಿಭಾಗಗಳ ಮೇಲೆ ಕೆಲವು ದಿನ ಬೆಳ್ಳಿಯಂಥ ಗೆರೆಗಳು ಮೂಡುತ್ತವೆ. ಇನ್ನು ಕೆಲವು ದಿನ ಅಚ್ಚು ಪೂರ್ತಿ ತುಂಬದೆ ಶಾರ್ಟ್ ಶಾಟ್ ಆಗುತ್ತದೆ. ಎಲ್ಲ ಯಂತ್ರಗಳಿಗೂ ಸೆನ್ಸರ್ ಹಾಕಿಸಿ, ಮಾಹಿತಿಯನ್ನು ಒಂದೇ ಪರದೆಯಲ್ಲಿ ನೋಡುವಂತೆ ಮಾಡಿದರೆ ರಿಜೆಕ್ಷನ್ (ತಿರಸ್ಕೃತ ಭಾಗಗಳ ಪ್ರಮಾಣ) ಕಡಿಮೆಯಾಗುವುದೇ?

ಉತ್ತರ: ಪರದೆ ತಾನಾಗಿ ರಿಜೆಕ್ಷನ್ ಇಳಿಸುವುದಿಲ್ಲ. ಯಾವ ದೋಷಕ್ಕೆ ಕಾರಣ ಹುಡುಕುತ್ತಿದ್ದೇವೆ ಎಂಬುದನ್ನು ಮೊದಲು ನಿರ್ಧರಿಸಿ, ಆ ಕಾರಣ ಕಾಣಿಸುವ ಜಾಗದಲ್ಲಿಯೇ ಅಳತೆ ಮಾಡಬೇಕು. ನೀವು ಹೇಳಿರುವ ಎರಡು ದೋಷಗಳ ಮೂಲ ಬಹುಶಃ ಎರಡು ಬೇರೆ ಬೇರೆ ಕಡೆಗಳಲ್ಲಿದೆ.

ಬೆಳ್ಳಿ ಗೆರೆಗಳಿಗೆ ಸಾಮಾನ್ಯ ಕಾರಣ ತೇವಾಂಶ. ನೈಲಾನ್ ಗಾಳಿಯಿಂದ ನೀರನ್ನು ಸುಲಭವಾಗಿ ಹೀರಿಕೊಳ್ಳುತ್ತದೆ, ಮತ್ತು ಆ ನೀರು ಪ್ಲಾಸ್ಟಿಕ್ ಕರಗಿಸುವ ಕೊಳವೆಯಾದ ಬ್ಯಾರೆಲ್‌ನ ಬಿಸಿಯಲ್ಲಿ ಆವಿಯಾಗಿ ಬಿಡಿಭಾಗದ ಮೇಲ್ಮೈಯಲ್ಲಿ ಗೆರೆಯೆಳೆಯುತ್ತದೆ. ಹೆಚ್ಚಿನ ಘಟಕಗಳಲ್ಲಿ ಕಚ್ಚಾ ಪ್ಲಾಸ್ಟಿಕ್ ಒಣಗಿಸುವ ಡ್ರೈಯರ್‌ನ ಉಷ್ಣಾಂಶವನ್ನು ಮಾತ್ರ ಗಮನಿಸುತ್ತಾರೆ; ನನ್ನ ದೃಷ್ಟಿಯಲ್ಲಿ ಇದೇ ದೊಡ್ಡ ಲೋಪ. ಡ್ರೈಯರ್‌ನ ಗಾಳಿಯಿಂದ ತೇವ ಹೀರುವ ವಸ್ತುವನ್ನು ಮತ್ತೆ ಒಣಗಿಸುವ ಹೀಟರ್ ಕೆಟ್ಟರೂ ಡ್ರೈಯರ್‌ನ ಫಲಕ 80 ಡಿಗ್ರಿ ಸೆಲ್ಸಿಯಸ್ ಎಂದೇ ತೋರಿಸುತ್ತಿರುತ್ತದೆ, ಏಕೆಂದರೆ ಒಳಹೋಗುವ ಗಾಳಿ ಬಿಸಿಯಾಗಿಯೇ ಇರುತ್ತದೆ. ಅದು ಒಣಗಿದ ಗಾಳಿಯಲ್ಲ ಎಂಬುದಷ್ಟೇ ವ್ಯತ್ಯಾಸ. ಈ ವ್ಯತ್ಯಾಸವನ್ನು ಹಿಡಿಯುವುದು ಇಬ್ಬನಿ ಬಿಂದುವನ್ನು (ಗಾಳಿಯ ತೇವ ನೀರಾಗತೊಡಗುವ ಉಷ್ಣಾಂಶ; ಗಾಳಿ ಒಣಗಿದಷ್ಟೂ ಕಡಿಮೆ) ಅಳೆಯುವ ಸೆನ್ಸರ್. ಸುಸ್ಥಿತಿಯಲ್ಲಿರುವ ಡ್ರೈಯರ್‌ನಲ್ಲಿ ಈ ಬಿಂದು ಮೈನಸ್ 40 ಡಿಗ್ರಿಯ ಆಸುಪಾಸಿನಲ್ಲಿರಬೇಕು. ದಿನದಿಂದ ದಿನಕ್ಕೆ ಮೇಲೇರುತ್ತಿದ್ದರೆ ಗೆರೆಗಳು ಕಾಣುವ ಮುನ್ನವೇ ಎಚ್ಚರಿಕೆ ಸಿಕ್ಕಂತಾಯಿತು. ನೈಲಾನ್‌ ಅನ್ನು ಅತಿಯಾಗಿ ಒಣಗಿಸಿದರೆ ಹಳದಿಯಾಗುವ ಸಂಭವವಿದೆ ಎಂಬುದೂ ನೆನಪಿರಲಿ. ಇಲ್ಲಿ ನಿಮಿಷಕ್ಕೆ ಒಂದು ದಾಖಲೆ ಸಾಕು.

ಶಾರ್ಟ್ ಶಾಟ್‌ಗೆ ಕುಶನ್ ನೋಡಿ. ಅಚ್ಚು ತುಂಬಿದ ಮೇಲೆ ಒತ್ತಡ ಹಿಡಿದಿಡುವ ಹಂತ (ಹೋಲ್ಡಿಂಗ್) ಮುಗಿದಾಗ, ಪ್ಲಾಸ್ಟಿಕ್ ಅನ್ನು ಮುಂದಕ್ಕೆ ಒತ್ತುವ ಸ್ಕ್ರೂವಿನ ಮುಂದೆ ಉಳಿಯುವ ಕರಗಿದ ಪ್ಲಾಸ್ಟಿಕ್‌ನ ಪ್ರಮಾಣವಿದು; ಸೈಕಲ್‌ನಿಂದ ಸೈಕಲ್‌ಗೆ ಅದು ಬಹುತೇಕ ಒಂದೇ ಇರಬೇಕು. ಸ್ಕ್ರೂವಿನ ತುದಿಯಲ್ಲಿ ಹಿಮ್ಮುಖ ಹರಿವನ್ನು ತಡೆಯುವ ಚೆಕ್ ರಿಂಗ್ ಸವೆದಾಗ ಪ್ಲಾಸ್ಟಿಕ್ ಹಿಂದಕ್ಕೆ ಸೋರಿ ಕುಶನ್ ಏರುಪೇರಾಗುತ್ತದೆ, ಕೆಲವು ಶಾಟ್‌ಗಳಲ್ಲಿ ಸೊನ್ನೆಗೂ ಇಳಿಯುತ್ತದೆ. ನಿಮ್ಮ ಹೊಸ ಯಂತ್ರಗಳ ಕಂಟ್ರೋಲರ್ ಈ ಸಂಖ್ಯೆಯನ್ನು ಈಗಾಗಲೇ ಅಳೆಯುತ್ತಿರುವ ಸಾಧ್ಯತೆ ಹೆಚ್ಚು. ಯಂತ್ರದ ಮಾಹಿತಿಯನ್ನು ಕಂಪ್ಯೂಟರಿಗೆ ಕಳಿಸುವ ಮಾನದಂಡಗಳಾದ ಯೂರೋಮ್ಯಾಪ್ 63ರ ಕಡತಗಳ ಮೂಲಕವೋ, ಒಪಿಸಿ ಯುಎ (ಯಂತ್ರಗಳ ನಡುವಿನ ಮಾಹಿತಿ ವಿನಿಮಯದ ಸಾಮಾನ್ಯ ವಿಧಾನ) ಆಧಾರದ ಯೂರೋಮ್ಯಾಪ್ 77 ಮೂಲಕವೋ ಅದನ್ನು ಪಡೆಯಲು ಸಾಧ್ಯವೇ ಎಂದು ಯಂತ್ರ ತಯಾರಕರನ್ನು ಕೇಳಿ; ಹೊಸ ಸೆನ್ಸರ್ ಕೊಳ್ಳುವುದು ಅದರ ನಂತರದ ಮಾತು.

ಹಳೆಯ ಯಂತ್ರಗಳ ಕಂಟ್ರೋಲರ್‌ಗೆ ಕೈಹಾಕುವುದು ಬೇಡ. ಅಚ್ಚು ಮುಚ್ಚುವ ಸಂಕೇತವನ್ನು ಪ್ರತ್ಯೇಕ ರಿಲೇ ಮೂಲಕ ತೆಗೆದುಕೊಂಡರೆ ಸೈಕಲ್ ಸಮಯ ತಿಳಿಯುತ್ತದೆ. ಹೀಟರ್ ತಂತಿಗೆ ಕರೆಂಟ್ ಅಳೆಯುವ ಕ್ಲ್ಯಾಂಪ್ ಹಾಕಿದರೆ ಇನ್ನೊಂದು ಗುಟ್ಟೂ ಹೊರಬೀಳುತ್ತದೆ. ಬ್ಯಾರೆಲ್‌ನ ಒಂದು ವಲಯವನ್ನು ಸುತ್ತಿ ಬಿಸಿ ಮಾಡುವ ಮೂರು ಬ್ಯಾಂಡ್ ಹೀಟರ್‌ಗಳಲ್ಲಿ ಒಂದು ಸುಟ್ಟುಹೋದರೆ ಉಳಿದೆರಡು ಹೆಚ್ಚು ಹೊತ್ತು ಉರಿದು ಉಷ್ಣಾಂಶ ಅಳೆಯುವ ಥರ್ಮೋಕಪಲ್‌ನಲ್ಲಿ ನಿಗದಿತ ಉಷ್ಣಾಂಶವನ್ನೇ ತೋರಿಸುತ್ತವೆ, ಆದರೆ ಕರೆಂಟ್ ಮೂರನೇ ಒಂದು ಭಾಗದಷ್ಟು ಇಳಿದಿರುತ್ತದೆ.

ಅಚ್ಚಿನೊಳಗಿನ ಒತ್ತಡದ ಸೆನ್ಸರ್ ಅತ್ಯಂತ ನಿಖರವಾದದ್ದು, ದುಬಾರಿಯೂ ಹೌದು. ತುಂಬುವಿಕೆ ಕ್ಷಣಮಾತ್ರದಲ್ಲಿ ಮುಗಿಯುವುದರಿಂದ ಸೆಕೆಂಡಿಗೆ ನೂರಾರು ಅಳತೆಗಳು ಬೇಕಾಗುತ್ತವೆ. ರಿಜೆಕ್ಷನ್‌ನಿಂದ ಹೆಚ್ಚು ನಷ್ಟ ತರುವ ಒಂದೆರಡು ಅಚ್ಚುಗಳಿಗಷ್ಟೇ ಅದನ್ನು ಅಳವಡಿಸಿ.

ಪ್ರಶ್ನೆ: ಆಪರೇಟರ್‌ಗಳು ಇದರಲ್ಲಿ ಏನು ಮಾಡಬೇಕು?

ಉತ್ತರ: ಬಹಳ ಮುಖ್ಯವಾದ ಕೆಲಸ ಅವರದೇ. ತಿರಸ್ಕರಿಸಿದ ಭಾಗದ ದೋಷ ಗೆರೆಯೋ, ಶಾರ್ಟ್ ಶಾಟೋ ಎಂದು ಒಂದು ಗುಂಡಿಯೊತ್ತಿ ಆಯಾ ಸೈಕಲ್‌ನ ಸಂಖ್ಯೆಯೊಂದಿಗೆ ದಾಖಲಿಸದಿದ್ದರೆ, ಕೋಟಿ ಅಳತೆಗಳಿದ್ದರೂ ಒಳ್ಳೆಯ ಶಾಟ್ ಯಾವುದು, ಕೆಟ್ಟದ್ದು ಯಾವುದು ಎಂದು ಹೇಳಲಾಗದು. ಎಲ್ಲ ಯಂತ್ರಗಳ ಗಡಿಯಾರಗಳೂ ಒಂದೇ ಸಮಯ ತೋರಿಸಬೇಕು. ಎಚ್ಚರಿಕೆಯ ಗಂಟೆಗಳನ್ನು ಮಿತವಾಗಿಡಿ. ಶಿಫ್ಟಿಡೀ ಬಡಿದುಕೊಳ್ಳುವ ಗಂಟೆಗೆ ಯಾರೂ ಕಿವಿಗೊಡುವುದಿಲ್ಲ. ಡ್ರೈಯರ್ ಮತ್ತು ಕುಶನ್‌ಗೆ ಒಂದೊಂದು ಎಚ್ಚರಿಕೆ ಇಟ್ಟುಕೊಂಡು, ಒಂದೇ ಯಂತ್ರದಲ್ಲಿ ಕೆಲವು ವಾರ ನಡೆಸಿ ನೋಡಿ.