ಕಡಿದ ಕ್ರಿಸ್‌ಮಸ್ ಮರದಿಂದ ಏನು ಮಾಡಿಸಬಹುದು?

ಪ್ರಶ್ನೆ: ಕ್ರಿಸ್‌ಮಸ್‌ಗೆಂದು ಕುಂಡದಲ್ಲಿ ತಂದ ಅರಕೇರಿಯ ಗಿಡವನ್ನು ಹಲವು ವರ್ಷಗಳ ಹಿಂದೆ ಅಂಗಳದಲ್ಲಿ ನೆಟ್ಟಿದ್ದೆವು. ಅದು ವಿದ್ಯುತ್ ತಂತಿಗೆ ತಾಗುವಷ್ಟು ಬೆಳೆದದ್ದರಿಂದ ಈ ಬಾರಿ ಹಬ್ಬ ಮುಗಿದ ಮೇಲೆ ಕಡಿಸಿದೆವು. ಮಕ್ಕಳು ಅದನ್ನು ಒಲೆಗೆ ಹಾಕಲು ಬಿಡುತ್ತಿಲ್ಲ. ನಮ್ಮೂರಿನ ಗುಡಿಗಾರರಿಂದ ಅದರಲ್ಲಿ ಕೆತ್ತನೆ ಮಾಡಿಸಬಹುದೇ?
– ಓದುಗರೊಬ್ಬರು, ಸಾಗರ

ಉತ್ತರ: ಮಕ್ಕಳ ಹಟ ಸರಿಯಾಗಿಯೇ ಇದೆ, ಆದರೆ ಈ ಮರ ಸೂಕ್ಷ್ಮ ಕೆತ್ತನೆಗೆ ಒದಗುವುದಿಲ್ಲ. ಸಾಗರ, ಸೊರಬದ ಗುಡಿಗಾರರು ತಲೆಮಾರುಗಳಿಂದ ಕೆತ್ತುತ್ತ ಬಂದಿರುವ ಶ್ರೀಗಂಧದ ಎಳೆ ಒತ್ತಾಗಿರುವುದರಿಂದ ಬಳ್ಳಿಯ ಕುಡಿಯಂಥ ಸಣ್ಣ ಕೆಲಸವೂ ಅದರಲ್ಲಿ ಮುರಿಯದೆ ನಿಲ್ಲುತ್ತದೆ. ಅರಕೇರಿಯ ಮೆದು ಮರ. ಉಳಿ ಅಡ್ಡ ಹೋದ ಕಡೆ ಎಳೆ ಕಿತ್ತುಬರುತ್ತದೆ.

ಅದರ ನಿಜವಾದ ಚೆಲುವು ಗಂಟುಗಳಲ್ಲಿದೆ. ಪೆಸಿಫಿಕ್ ಸಾಗರದ ದ್ವೀಪಗಳಿಂದ ಬಂದ ಈ ಮರದ ಕೊಂಬೆಗಳು ಕಾಂಡದ ಸುತ್ತ ಒಂದೇ ಮಟ್ಟದಲ್ಲಿ, ಸುತ್ತು ಸುತ್ತಾಗಿ ಹೊರಡುತ್ತವೆ. ಅಂಥ ಒಂದು ಸುತ್ತು ಒಳಗೊಳ್ಳುವಂತೆ ತುಂಡು ಕತ್ತರಿಸಿ, ಲೇತ್ ಇರುವ ಬಡಗಿಯಿಂದ ಬಟ್ಟಲು ಕಡೆಸಿದರೆ, ಗಂಟುಗಳು ಅದರ ಗೋಡೆಯ ಮೇಲೆ ಕಂದುಬಣ್ಣದ ಎಸಳುಗಳಂತೆ ಸಾಲಾಗಿ ಮೂಡುತ್ತವೆ. ಹವಾಯಿ ದ್ವೀಪಗಳ ಕುಶಲಕರ್ಮಿಗಳು ಇದೇ ಜಾತಿಯ ಮರದ ಬಟ್ಟಲುಗಳಿಗೆ ಹೆಸರಾಗಿದ್ದಾರೆ.

ಹಸಿ ಇರುವಾಗಲೇ ಒರಟಾಗಿ ಕಡೆಸಿಡಿ. ಹತ್ತು ಇಂಚು ಅಗಲದ ಬಟ್ಟಲಿಗೆ ಒಂದು ಇಂಚು ದಪ್ಪದ ಗೋಡೆ ಬಿಟ್ಟು, ನೆರಳಿನಲ್ಲಿ ಕಾಗದ ಸುತ್ತಿ ಒಣಗಿಸಿ, ಸೊಟ್ಟಗಾದದ್ದನ್ನು ಎರಡನೆಯ ಸಲ ಕಡೆಸಿ ತಿದ್ದಬೇಕು. ಉಳಿದ ತುಂಡುಗಳ ಎರಡೂ ತುದಿಗೆ ಕರಗಿಸಿದ ಮೇಣ ಬಳಿಯುವುದನ್ನು ಮರೆಯಬೇಡಿ. ತುದಿಯಿಂದ ನೀರು ಬೇಗ ಆರುವುದರಿಂದ ಸೀಳು ಅಲ್ಲಿಂದಲೇ ಶುರುವಾಗುತ್ತದೆ. ನಮ್ಮ ಮಳೆಗಾಲದ ಥಂಡಿಯಲ್ಲಿ ಈ ಮರಕ್ಕೆ ಬೂಷ್ಟು ಹಿಡಿದು ನೀಲಿ ಕಲೆ ಬೀಳುತ್ತದೆ. ಆದ್ದರಿಂದ ಈ ಬೇಸಿಗೆಯಲ್ಲೇ ಕೆಲಸ ಮುಗಿಸುವುದು ಒಳ್ಳೆಯದು.

ಮರದ ತುದಿಯನ್ನೂ ಬಿಸಾಡಬೇಡಿ. ಜರ್ಮನಿಯಲ್ಲಿ ಹಬ್ಬ ಮುಗಿದ ಮೇಲೆ ಫರ್ ಮರದ ತುದಿಯನ್ನು ಕತ್ತರಿಸಿ, ಕೊಂಬೆಗಳ ಬುಡವನ್ನಷ್ಟೇ ಗಿಡ್ಡವಾಗಿ ಉಳಿಸಿ, ತೊಗಟೆ ಸುಲಿದು ನಮ್ಮ ಕಡಗೋಲಿನಂಥದೇ ಸಾಧನವನ್ನು ಮಾಡುವ ಹಳೆಯ ರೂಢಿಯಿದೆ. ನಿಮ್ಮ ಮರದ ತುದಿಯನ್ನೂ ಹಾಗೆಯೇ ಮಾಡಬಹುದಾದರೂ, ಅರಕೇರಿಯದಲ್ಲಿ ಅಂಟು ಇರುವುದರಿಂದ ಅದನ್ನು ಮಜ್ಜಿಗೆಗೆ ಇಳಿಸಬಾರದೆಂಬುದು ನನ್ನ ಸಲಹೆ. ಅದನ್ನು ಮರದಲ್ಲಿದ್ದಂತೆಯೇ ತುದಿ ಮೇಲಾಗಿರಿಸಿ ಗೋಡೆಗೆ ಬಡಿದರೆ, ಗಿಡ್ಡ ಕೊಂಬೆಗಳು ಬೀಗದ ಕೈ, ಟೋಪಿ, ಕೊಡೆಗಳನ್ನು ನೇತುಹಾಕುವ ಗಟ್ಟಿ ಗೂಟಗಳಾಗುತ್ತವೆ. ತೊಗಟೆ ಸುಲಿಯುವ ಕೆಲಸವನ್ನು ಮಕ್ಕಳಿಗೇ ಕೊಡಿ. ಸ್ವಲ್ಪ ಹೊತ್ತು ಕುದಿಸಿದರೆ ಅದು ಕೈಯಿಂದಲೇ ಬಿಡಿಸಿಕೊಳ್ಳುತ್ತದೆ.