ಎರಡು ಎಕರೆ ಜಮೀನು ಊರಿನವರ ಮನೆಗೆ ಕೊಡಬೇಕು ಅಂತಿದ್ದೇನೆ. ಟ್ರಸ್ಟ್ ಮಾಡಿದರೆ ಅದು ಉಳಿಯುತ್ತದಾ?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ದಾವಣಗೆರೆ-ಹರಿಹರ ನಡುವಿನ ಹಳ್ಳಿ, ಅಜ್ಜನ ಕಾಲದ ಎರಡು ಎಕರೆ, ಸುತ್ತಮುತ್ತ ಎಲ್ಲ ಲೇಔಟ್ ಆಗಿದೆ. ಊರಲ್ಲೇ ಹುಟ್ಟಿದ ಹುಡುಗರಿಗೆ ಊರಲ್ಲಿ ಸೈಟು ಕೊಳ್ಳುವ ಶಕ್ತಿ ಇಲ್ಲ. ಅವರಿಗೆ ಹಂಚಿಕೊಟ್ಟರೆ ನಾಲ್ಕು ದಿನಕ್ಕೆ ಮಾರಿಕೊಂಡುಬಿಡುತ್ತಾರೇನೋ ಅನ್ನುವ ಭಯ ನಿಮಗೆ. ನೆಲ ಟ್ರಸ್ಟಿನಲ್ಲೇ ಉಳಿದು ಮನೆ ಮಾತ್ರ ಕಟ್ಟಿಸಿಕೊಂಡವರದಾಗುವ ಕಮ್ಯುನಿಟಿ ಲ್ಯಾಂಡ್ ಟ್ರಸ್ಟ್ ಅನ್ನುವುದು ನಮ್ಮ ಕಡೆ ನಡೆಯುತ್ತದಾ ಅಂತ ಕೇಳಿದ್ದೀರಿ.

ನಡೆಸಬಹುದು. ಸುಲಭ ಅಂತ ಮಾತ್ರ ಹೇಳಲಾರೆ. ನಾನು ಉಪನೋಂದಣಿ ಕಚೇರಿ ಎದುರು ಇಪ್ಪತ್ತೆರಡು ವರ್ಷದಿಂದ ಪತ್ರ ಬರೆಯುತ್ತಿದ್ದೇನೆ. ಕ್ರಯ, ದಾನ, ವಿಭಾಗ, ಗುತ್ತಿಗೆ ಎಲ್ಲವೂ ಕೈಮೇಲೆ ಹೋಗಿವೆ. ನಿಮ್ಮ ಭಯ ಸುಳ್ಳಲ್ಲ ಅಂತ ನನಗೆ ಗೊತ್ತು.

ನಾನು ಈ ಕೆಲಸಕ್ಕೆ ಹೊಸಬನಾಗಿದ್ದಾಗ ಒಬ್ಬ ಹೆಂಗಸು ಬಂದಿದ್ದರು. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ಸರ್ಕಾರ ಬಡವರಿಗೆ ಕೊಡುವ ಆಶ್ರಯ ಸೈಟಿನ ಹಕ್ಕುಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ರೇಷನ್ ಕಾರ್ಡಿನ ಜೊತೆ ಸೆರಗಿನ ಒಳಗೆ ಇಟ್ಟುಕೊಂಡು ತಂದಿದ್ದರು. ಗಂಡ ಆಸ್ಪತ್ರೆಯಲ್ಲಿದ್ದ. ಕೊಳ್ಳುವವನು ಪಕ್ಕದಲ್ಲೇ ನಿಂತಿದ್ದ. ಇಂತಿಷ್ಟು ವರ್ಷ ಪರಭಾರೆ ಮಾಡಬಾರದು ಅಂತ ಹಕ್ಕುಪತ್ರದಲ್ಲಿ ಸ್ಪಷ್ಟವಾಗಿ ಇತ್ತು. ಅದಕ್ಕೆ ಕ್ರಯಪತ್ರ ಬೇಡ, ಬಾಂಡ್ ಪೇಪರಿನಲ್ಲಿ ಒಂದು ಅಗ್ರಿಮೆಂಟು, ಜೊತೆಗೆ ಒಂದು ಜಿಪಿಎ, ಅಂದರೆ ಅಧಿಕಾರ ಪತ್ರ, ಸಾಕು ಅಂದ. "ಅಣ್ಣಾ, ಹೆಬ್ಬೆಟ್ಟು ಎಲ್ಲಿ ಒತ್ತಲಿ?" ಅಂತ ಆಕೆ ಕೇಳಿದರು. ಭಟ್ಟಿಯ ಮಸಿ ಉಗುರಿನ ಸಂದಿಯಲ್ಲಿ ಹಾಗೇ ಕೂತಿತ್ತು. ನಾನೇ ಕೈಹಿಡಿದು ಒತ್ತಿಸಿದೆ. ಆಮೇಲೆ ಆಕೆ ಅದೇ ಬೀದಿಯಲ್ಲಿ ಬಾಡಿಗೆಗೆ ಇದ್ದರು. ಆ ದಿನ ನಾನು ಬರೆದದ್ದು ತಪ್ಪು, ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಇದನ್ನು ಯಾಕೆ ಹೇಳಿದೆ ಅಂದರೆ, ಮಾರಬಾರದು ಅನ್ನುವ ಷರತ್ತು ಆಕೆಯ ಪತ್ರದಲ್ಲೂ ಇತ್ತು. ಷರತ್ತು ಇತ್ತು, ಆದರೆ ಕಷ್ಟಕ್ಕೆ ಹೋಗಲು ಒಂದು ಬಾಗಿಲು ಇರಲಿಲ್ಲ. ಇಂಥ ಟ್ರಸ್ಟ್ ನಡೆಯುವ ಕಡೆ ಆ ಬಾಗಿಲು ಇರುತ್ತದೆ. ಮನೆ ಬಿಡಬೇಕಾದವರಿಂದ ಟ್ರಸ್ಟೇ ಮೊದಲು ಕೊಳ್ಳುತ್ತದೆ. ಸಾಲದ ಕಂತು ತಪ್ಪಿದಾಗ ಮೊದಲು ಬಂದು ವಿಚಾರಿಸುವುದೂ ಟ್ರಸ್ಟೇ. ನನ್ನ ಪ್ರಕಾರ ಇಡೀ ವ್ಯವಸ್ಥೆಯ ಜೀವ ಇರುವುದು ಇಲ್ಲಿ.

ಲೆಕ್ಕ ಹೇಳುತ್ತೇನೆ. ಜಮೀನು ಟ್ರಸ್ಟಿನದು, ಅದು ಯಾವತ್ತೂ ಮಾರಾಟಕ್ಕಿಲ್ಲ. ಅದರ ಮೇಲಿನ ಮನೆ ಕಟ್ಟಿಸಿಕೊಂಡವರದು. ನೆಲಕ್ಕೆ 99 ವರ್ಷದ ಗುತ್ತಿಗೆ, ಮಕ್ಕಳಿಗೂ ಬರುತ್ತದೆ. ಉದಾಹರಣೆಗೆ 30-40 ಅಡಿಯ ಒಂದು ಸೈಟಿಗೆ 18 ಲಕ್ಷ, ಮನೆ ಕಟ್ಟಲು 14 ಲಕ್ಷ ಅಂತಿಟ್ಟುಕೊಳ್ಳಿ. ಹೊರಗೆ 32 ಲಕ್ಷ ಬೇಕು. ಟ್ರಸ್ಟಿನಲ್ಲಿ 14 ಲಕ್ಷ ಸಾಕು. ಹತ್ತು ವರ್ಷ ಬಿಟ್ಟು ಆ ಮನೆ 22 ಲಕ್ಷ ಬೆಲೆ ಬಾಳಿದರೆ, ಹೆಚ್ಚಾದದ್ದು 8 ಲಕ್ಷ. ಅಮೆರಿಕದ ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ ಊರಲ್ಲಿ 1984ರಿಂದ ನಡೆಯುತ್ತಿರುವ ಟ್ರಸ್ಟಿನಲ್ಲಿ ಹೆಚ್ಚಾದ ಬೆಲೆಯ ನಾಲ್ಕನೇ ಒಂದು ಪಾಲು ಮಾರುವವರಿಗೆ ಸಿಗುತ್ತದೆ. ಆ ಲೆಕ್ಕದಲ್ಲಿ 2 ಲಕ್ಷ ಸೇರಿ 16 ಲಕ್ಷ ಅವರ ಕೈಗೆ ಬರುತ್ತದೆ. ಮುಂದಿನ ಕುಟುಂಬಕ್ಕೂ ಮನೆ 16 ಲಕ್ಷಕ್ಕೇ ಸಿಗುತ್ತದೆ. ಹೋಗುವವರು ಬರಿಗೈಯಲ್ಲಿ ಹೋಗುವುದಿಲ್ಲ, ಬರುವವರಿಗೆ ಹೊರೆಯೂ ಆಗುವುದಿಲ್ಲ.

ಎರಡು ಎಕರೆ ಅಂದರೆ ಎಂಬತ್ತು ಗುಂಟೆ. ರಸ್ತೆ, ಪಾರ್ಕು, ಚರಂಡಿ ಅಂತ ಅರ್ಧ ಹೋದರೂ 30-40ರ ಮೂವತ್ತೈದು ಸೈಟು ಬರುತ್ತವೆ. ಸಣ್ಣ ಊರಿಗೆ ಅದು ಕಡಿಮೆ ಅಲ್ಲ.

ಇದು ಫಾರಿನ್ನಿನವರ ಯೋಚನೆ ಅಂತ ಊರಲ್ಲಿ ಯಾರಾದರೂ ತೆಗೆದುಹಾಕಿದರೆ ಅವರಿಗೆ ವಿನೋಬಾ ಭಾವೆಯವರ ಹೆಸರು ಹೇಳಿ. 1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಲ್ಲಿಯಲ್ಲಿ ದಲಿತ ಕುಟುಂಬಗಳು ಅವರ ಮುಂದೆ 80 ಎಕರೆ ಕೇಳಿದಾಗ ಅಲ್ಲಿನ ಜಮೀನ್ದಾರ ರಾಮಚಂದ್ರ ರೆಡ್ಡಿಯವರು 100 ಎಕರೆ ಕೊಟ್ಟರು. ಭೂದಾನ ಶುರುವಾದದ್ದು ಹಾಗೆ. ಆದರೆ ಒಬ್ಬೊಬ್ಬರಿಗೆ ಹಂಚಿದ ಜಮೀನು ಎಷ್ಟೋ ಕಡೆ ಸಾಲಕ್ಕೋ ಮೋಸಕ್ಕೋ ಮತ್ತೆ ಕೈಬಿಟ್ಟಿತು. ನಿಮ್ಮ ಭಯವೇ ಅದು ಅಲ್ವಾ? ಭೂದಾನ ಆಮೇಲೆ ಗ್ರಾಮದಾನದ ಕಡೆ ತಿರುಗಿತು. ಅಲ್ಲಿ ಜಮೀನಿನ ಒಡೆತನ ಇಡೀ ಊರಿನದು, ಉಳುವವರು ಉಳುತ್ತಾರೆ. 1957ರ ಸೆಪ್ಟೆಂಬರಿನಲ್ಲಿ ನಮ್ಮ ಮೈಸೂರಿನ ಹತ್ತಿರ ಯಲವಾಲದಲ್ಲಿ ಇದಕ್ಕಾಗಿಯೇ ದೊಡ್ಡ ಪರಿಷತ್ತು ನಡೆಯಿತು, ನೆಹರೂ ಅವರೂ ಬಂದಿದ್ದರು. ಆ ಗ್ರಾಮದಾನದಿಂದಲೂ ಕಲಿತವರೇ 1969ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಕಪ್ಪು ಜನರ ಮೊದಲ ಲ್ಯಾಂಡ್ ಟ್ರಸ್ಟ್ ಕಟ್ಟಿದರು. ಹೆಸರು ನ್ಯೂ ಕಮ್ಯುನಿಟೀಸ್, ಜಮೀನು ಸುಮಾರು 5,700 ಎಕರೆ.

ಆ ಕಥೆಯ ಕೊನೆಯನ್ನೂ ಕೇಳಿ. ಬರ ಬಿತ್ತು, ಸಕಾಲಕ್ಕೆ ಸರ್ಕಾರದ ಸಾಲ ಸಿಗಲಿಲ್ಲ, ಸಾಲ ಬೆಳೆಯಿತು, 1985ರಲ್ಲಿ ಅಷ್ಟೂ ಜಮೀನು ಹರಾಜಿಗೆ ಹೋಯಿತು. ಆದ್ದರಿಂದ ನಿಮ್ಮ ಟ್ರಸ್ಟ್ ಪತ್ರದಲ್ಲಿ ಒಂದು ಸಾಲು ಖಂಡಿತ ಬರೆಸಿ: ನೆಲವನ್ನು ಯಾವ ಕಾರಣಕ್ಕೂ ಅಡ ಇಡುವಂತಿಲ್ಲ. ಸಾಲ ಬೇಕಾದವರು ಮನೆಯನ್ನೂ ತಮ್ಮ ಗುತ್ತಿಗೆ ಹಕ್ಕನ್ನೂ ಅಡ ಇಡಲಿ. ಕಂತು ತಪ್ಪಿದರೆ ಅದನ್ನು ಕಟ್ಟುವ ಮೊದಲ ಅವಕಾಶ ಟ್ರಸ್ಟಿಗೆ ಇರಲಿ. ಬ್ಯಾಂಕಿನವರು ಮೊದಮೊದಲು ತಲೆ ಆಡಿಸುವುದಿಲ್ಲ. ಗೃಹ ಮಂಡಳಿ, ದೂಡಾ (ನಗರಾಭಿವೃದ್ಧಿ ಪ್ರಾಧಿಕಾರ) ಸೈಟುಗಳ ಲೀಸ್ ಕಂ ಸೇಲ್ ಪತ್ರ, ಅಂದರೆ ಮೊದಲು ಗುತ್ತಿಗೆ ಆಮೇಲೆ ಕ್ರಯ ಆಗುವ ಪತ್ರ, ಅವರಿಗೆ ಗೊತ್ತು. ಆದರೆ ಕೊನೆಗೂ ಸೇಲ್ ಆಗದ ಲೀಸು ಅವರಿಗೆ ಹೊಸದು. ಪತ್ರದ ಕರಡನ್ನು ನೋಂದಣಿಗೆ ಮೊದಲೇ ಮ್ಯಾನೇಜರಿಗೆ ಓದಲು ಕೊಡಿ.

ಕಾನೂನಿನ ಮಾತಿಗೆ ಬರೋಣ. ಭಾರತದಲ್ಲಿ ಈ ಹೆಸರಿನ ಪ್ರತ್ಯೇಕ ಕಾಯ್ದೆ ಇಲ್ಲ. ಇರುವ ಕಾಯ್ದೆಯಲ್ಲೇ ದಾರಿ ಮಾಡಿಕೊಳ್ಳಬೇಕು. ಸೈಟನ್ನು ಕ್ರಯಕ್ಕೋ ದಾನಕ್ಕೋ ಬರೆದುಕೊಟ್ಟು "ಯಾವತ್ತೂ ಮಾರಬಾರದು" ಅಂತ ಷರತ್ತು ಹಾಕಿದರೆ ಅದು ನಿಲ್ಲುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 10ನೇ ಕಲಂ ಅಂಥ ಷರತ್ತನ್ನು ಒಪ್ಪುವುದಿಲ್ಲ. ಆದರೆ ಅದೇ ಕಲಂ ಗುತ್ತಿಗೆಗೆ ವಿನಾಯಿತಿ ಕೊಡುತ್ತದೆ. ನೆಲದ ಒಡೆಯನ ಹಿತಕ್ಕಾಗಿ ಹಾಕಿದ ಷರತ್ತು ಗುತ್ತಿಗೆಯಲ್ಲಿ ನಡೆಯುತ್ತದೆ. ಅದಕ್ಕೇ ನಾನು ಗುತ್ತಿಗೆ ಗುತ್ತಿಗೆ ಅಂತ ಹೇಳುತ್ತಿರುವುದು. ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿ ಆಗಲೇಬೇಕು, ಬಾಂಡ್ ಪೇಪರಿನಲ್ಲಿ ಸುಮ್ನೆ ಸಹಿ ಮಾಡಿಸಿಕೊಂಡರೆ ಪ್ರಯೋಜನವಿಲ್ಲ.

ಜಮೀನು ಪಹಣಿಯಲ್ಲಿ ಇನ್ನೂ ವ್ಯವಸಾಯದ್ದೇ ಆಗಿದ್ದರೆ ಮೊದಲು ನಿಮ್ಮ ಹೆಸರಲ್ಲೇ ಅಲಿನೇಷನ್ (ವ್ಯವಸಾಯೇತರ ಬಳಕೆಗೆ ಭೂಪರಿವರ್ತನೆ) ಮಾಡಿಸಿ, ಆಮೇಲೆ ಟ್ರಸ್ಟಿಗೆ ದಾನಪತ್ರ. ದಾನ ಅಂದರೆ ಖರ್ಚಿಲ್ಲ ಅಂದುಕೊಳ್ಳಬೇಡಿ. ಮನೆಯವರಿಗೆ ಕೊಡುವ ದಾನಕ್ಕೆ ಮಾತ್ರ ರಿಯಾಯಿತಿ, ಟ್ರಸ್ಟಿಗೆ ಕೊಟ್ಟರೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ. ಸರ್ಕಾರದ ವಸತಿ ಯೋಜನೆಗಳ ಸಹಾಯಧನಕ್ಕೆ ಫಲಾನುಭವಿ ಹೆಸರಿನಲ್ಲೇ ನಿವೇಶನದ ದಾಖಲೆ ಕೇಳುತ್ತಾರೆ. ಪಂಚಾಯಿತಿಯಲ್ಲಿ ಆ ಮಾತನ್ನು ಮೊದಲೇ ಆಡಿ.

ಇನ್ನೊಂದು, ನೆಲ ಎರೆಯೋ ಕೆಂಪೋ? ನಿಮ್ಮ ಕಡೆ ಎರೆ ಭೂಮಿಯೂ ಇದೆ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಗಟ್ಟಿ ನೆಲ ಸಿಗುವ ತನಕ ಪಾಯ ತೆಗೆಯಬೇಕು. ಕಡಿಮೆ ದುಡ್ಡಿನ ಮನೆ ಅಂತ ಪಾಯದಲ್ಲಿ ಉಳಿಸಿದರೆ ಗೋಡೆ ಸೀಳುತ್ತದೆ. ಲೆಕ್ಕ ಹಾಕುವ ಮೊದಲು ಗುಂಡಿ ತೋಡಿಸಿ ನೋಡಿ.

ಟ್ರಸ್ಟಿಗಳ ವಿಷಯ ತುಂಬಾ ಮುಖ್ಯ. ನಮ್ಮ ಕಡೆ ಟ್ರಸ್ಟ್ ಅಂದರೆ ಅಪ್ಪ ಅಧ್ಯಕ್ಷ, ಮಗ ಕಾರ್ಯದರ್ಶಿ, ಅಳಿಯ ಖಜಾಂಚಿ. ದಯವಿಟ್ಟು ಹಾಗೆ ಮಾಡಬೇಡಿ. ಹೊರಗಡೆ ಇರುವ ಟ್ರಸ್ಟುಗಳಲ್ಲಿ ಸಾಮಾನ್ಯವಾಗಿ ಮೂರು ಪಾಲು: ಒಂದು ಪಾಲು ಆ ಮನೆಗಳಲ್ಲಿ ಇರುವವರು, ಒಂದು ಪಾಲು ಅಕ್ಕಪಕ್ಕದ ಊರವರು, ಇನ್ನೊಂದು ಪಾಲು ವಕೀಲರು, ಎಂಜಿನಿಯರು, ಮೇಷ್ಟ್ರು ಇಂಥವರು. ಮನೆಯಲ್ಲಿ ಇರುವವರಿಗೆ ಕುರ್ಚಿ ಇಲ್ಲದಿದ್ದರೆ ಇಪ್ಪತ್ತು ವರ್ಷದ ಮೇಲೆ ಆ ನೆಲದ ಬೆಲೆ ಯಾರೋ ಟ್ರಸ್ಟಿಯ ಕಣ್ಣು ಕುಕ್ಕುತ್ತದೆ. ಅಲ್ಲಿ ಒಲೆ ಹಚ್ಚುವ ಹೆಂಗಸರು ಮೀಟಿಂಗಿನಲ್ಲಿ ಕೂತಿದ್ದರೆ ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಗುತ್ತಿಗೆಯನ್ನು ಗಂಡ-ಹೆಂಡತಿ ಇಬ್ಬರ ಹೆಸರಲ್ಲೂ ಬರೆಸಿ, ಹೆಬ್ಬೆಟ್ಟಾದರೂ ಸರಿ, ಇಬ್ಬರಿಗೂ ಓದಿ ಹೇಳಿಸಿ.

ಕೊನೆಯದಾಗಿ ನೀವು ಬರೆಯದೇ ಬಿಟ್ಟ ಒಂದು ವಿಷಯ. ಜಮೀನು ಅಜ್ಜನದು ಅಂದಿರಿ. ಅಕ್ಕತಂಗಿಯರು ಇದ್ದಾರಾ? ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು, ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದ ಮೇಲೆ ಅದರಲ್ಲಿ ಅನುಮಾನವೇ ಇಲ್ಲ. ನೀವೊಬ್ಬರೇ ದಾನ ಕೊಟ್ಟು, ಮನೆಗಳೂ ಎದ್ದ ಮೇಲೆ ಒಂದು ದಾವೆ ಬಿದ್ದರೆ ಅಲ್ಲಿ ಸಂಸಾರ ಹೂಡಿದ ಮೂವತ್ತೈದು ಮನೆಯವರೂ ಕೋರ್ಟು ಅಲೆಯಬೇಕಾಗುತ್ತದೆ. ವಂಶವೃಕ್ಷ, ಪಹಣಿ, ಇಸಿ (ಋಣಭಾರ ಪತ್ರ) ತೆಗೆಸಿ ಇಟ್ಟುಕೊಳ್ಳಿ. ಆಮೇಲೆ ಒಂದು ಭಾನುವಾರ ಅಕ್ಕತಂಗಿಯರನ್ನೆಲ್ಲ ಊಟಕ್ಕೆ ಕರೆದು, ಆ ಜಮೀನಿಗೇ ಕರೆದುಕೊಂಡು ಹೋಗಿ, ಇಲ್ಲಿ ಏನು ಮಾಡಬೇಕು ಅಂತ ನಿಮ್ಮ ಮನಸ್ಸಿನಲ್ಲಿದೆ ಅಂತ ಬಿಡಿಸಿ ಹೇಳಿ. ಅವರು ಒಪ್ಪಿ ಸಹಿ ಹಾಕಿದರೆ ಮುಂದಿನ ಪತ್ರಗಳನ್ನು ಯಾರ ಹತ್ತಿರ ಬೇಕಾದರೂ ಬರೆಸಬಹುದು.